ಅವನು ನಿಂತಿದ್ದು ಎಲ್ಲಿ?

ಊರಿಂದ ಬಂದ ಅಪ್ಪನನ್ನು ಬಸವಣ್ಣನವರ ಪ್ರತಿಮೆ ನೋಡಲು ಕರೆದುಕೊಂಡು ಹೋಗಿದ್ದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ಅನಾವರಣ ಆದದ್ದು. ಇಲ್ಲಿರುವ ಕನ್ನಡಿಗರ ಮನೆಗೆ ಯಾರೇ ಬರಲಿ, ಅಲ್ಲಿಗೆ ಒಂದು ಸುತ್ತು ಇದ್ದೇ ಇರುತ್ತದೆ. ಅಲ್ಲಿಂದ ನದಿ ಪಕ್ಕದಲ್ಲೇ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಡೆ ನಡೆದೆವು. ದಾರಿಯಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ ಸಿಗುತ್ತದೆ. ಮೊದಲು ಹಳೇ ಕಾಲದ ಇಟ್ಟಿಗೆ ಕಟ್ಟಡಗಳು. ಸೇತುವೆ ಹತ್ತಿರ ಬಂದಂತೆ ಇದ್ದಕ್ಕಿದ್ದ ಹಾಗೆ ದೊಡ್ಡ ಬಿಳಿ ಡಬ್ಬಿಯಂಥ ಕಟ್ಟಡ.

ಅಪ್ಪ ಪಿಡಬ್ಲ್ಯುಡಿಯಲ್ಲಿ ಇದ್ದವರು. ನಿಂತುಬಿಟ್ಟರು. "ಇದೇನೋ, ಒಂದೇ ಸಾಲಿನ ಕಟ್ಟಡ, ಅರ್ಧ ಒಂಥರಾ ಅರ್ಧ ಇನ್ನೊಂಥರಾ?"

1940ರ ಸೆಪ್ಟೆಂಬರಿನಲ್ಲಿ ಜರ್ಮನ್ನರ ಬಾಂಬು ಬಿದ್ದದ್ದು ಆ ತುದಿಗೆ. ಅದನ್ನು ನಾನು ಅವತ್ತು ರಾತ್ರಿ ಓದಿ ತಿಳಿದುಕೊಂಡೆ. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದರೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮುಂದಿನ ಶನಿವಾರ ಒಂದು ಹಳೇ ಫೋಟೋ ಪ್ರಿಂಟ್ ಮಾಡಿಕೊಂಡು ಹೊರಟೆ. ಬಾಂಬು ಬಿದ್ದಾಗ ತೆಗೆದ ಚಿತ್ರ, ಅದನ್ನು ತೆಗೆದವನು ನಿಂತ ಜಾಗದಿಂದಲೇ ಈಗ ತೆಗೆದ ಚಿತ್ರ, ಎರಡನ್ನೂ ಪಕ್ಕಪಕ್ಕ ಇಡಬೇಕು. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ!

ಹಾಗೆ ತೆಗೆದ ಮೊದಲ ಹತ್ತು ಹದಿನೈದು ಫೋಟೋಗಳನ್ನು ಆಮೇಲೆ ಅಳಿಸಿ ಹಾಕಿದೆ. ಸುಮಾರಾಗಿ ಅದೇ ಜಾಗ, ಸುಮಾರಾಗಿ ಅದೇ ಕೋನ. ಈ ಕೆಲಸದಲ್ಲಿ ಸುಮಾರು ಅನ್ನೋದಕ್ಕೆ ಬೆಲೆ ಇಲ್ಲ. ಎರಡು ಚಿತ್ರದ ಗೆರೆಗಳು ಕೂಡಲಿಲ್ಲ ಅಂದರೆ ಕಣ್ಣು ಬದಲಾದದ್ದನ್ನು ನೋಡುವುದಿಲ್ಲ, ಕೂಡದಿರುವುದನ್ನೇ ನೋಡುತ್ತದೆ.

ದಾರಿ ಹೇಳಿಕೊಟ್ಟದ್ದು ಅಪ್ಪ, ಅದೂ ಫೋನಿನಲ್ಲಿ. "ಸರ್ವೇ ಮಾಡುವಾಗ ರೇಂಜಿಂಗ್ ರಾಡ್ ಅಂತ ಕೋಲು ಇಟ್ಟು ಗೆರೆ ಹಿಡೀತಿದ್ವಲ್ಲ, ಅದೇ ಲೆಕ್ಕ ಕಣೋ. ಹತ್ತಿರದ್ದೊಂದು, ದೂರದ್ದೊಂದು, ಎರಡೂ ಒಂದರ ಹಿಂದೆ ಒಂದು ಬರೋ ಹಾಗೆ ನಿಂತ್ಕೋ. ಅಂಥ ಎರಡು ಗೆರೆ ಸಿಕ್ಕಿದ್ರೆ ಅವು ಕೂಡೋ ಕಡೆ ನಿನ್ನ ಕಾಲು."

ಇದು ಸರಿಯಾಗಿ ಕೈಗೆ ಹತ್ತಿದ್ದು ಬ್ಯಾಂಕ್ ಜಂಕ್ಷನ್‌ನಲ್ಲಿ. 1941ರ ಜನವರಿ 11ರ ರಾತ್ರಿ ಅಲ್ಲಿ ಬಾಂಬು ಬಿದ್ದು, ರಸ್ತೆಯೇ ತನ್ನ ಕೆಳಗಿದ್ದ ಟ್ಯೂಬ್ ರೈಲು ಸ್ಟೇಷನ್ನಿನ ಟಿಕೆಟ್ ಹಾಲ್ ಸಮೇತ ಕುಸಿಯಿತು. ಐವತ್ತಕ್ಕೂ ಜಾಸ್ತಿ ಜನ ಸತ್ತರು. ಆಗಿನ ಚಿತ್ರದಲ್ಲಿ ನಡುರಸ್ತೆಯಲ್ಲಿ ಕೆರೆಯಷ್ಟು ಗುಂಡಿ, ಹಿಂದೆ ರಾಯಲ್ ಎಕ್ಸ್‌ಚೇಂಜ್ ಕಟ್ಟಡದ ಎಂಟು ಕಂಬ. ಕಂಬಗಳ ಮುಂದೆ ಕುದುರೆ ಏರಿದ ವೆಲ್ಲಿಂಗ್ಟನ್. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಅದೇ ಆರ್ಥರ್ ವೆಲ್ಲೆಸ್ಲಿ. ಮೈಸೂರು ಕಡೆಯವನಾದ ನಾನು ಅವನ ಕುದುರೆ ಮೂತಿ ಹಿಡಿದು ಜಾಗ ಹುಡುಕಬೇಕಾಯಿತು ನೋಡಿ.

ಗುಂಡಿ ಮುಚ್ಚಿ ಎಷ್ಟೋ ಕಾಲ ಆಗಿದೆ. ಕುದುರೆ ಇದೆ, ಕಂಬಗಳಿವೆ. ಹಳೇ ಚಿತ್ರದಲ್ಲಿ ಕುದುರೆಯ ಮೂತಿ ಯಾವ ಕಂಬದ ಎದುರಿಗಿದೆ ಅಂತ ಎಣಿಸಿಟ್ಟುಕೊಂಡೆ. ನನ್ನ ಕ್ಯಾಮೆರಾದಲ್ಲಿ ಅದು ಒಂದು ಕಂಬದಷ್ಟು ಬಲಕ್ಕೆ ಕಂಡಿತು. ಹತ್ತಿರದ ವಸ್ತು ಬಲಕ್ಕೆ ಸರಿದಿದೆ ಅಂದರೆ ನಾವು ಜಾಸ್ತಿ ಎಡಕ್ಕೆ ನಿಂತಿದ್ದೇವೆ ಅಂತ. ಎರಡು ಹೆಜ್ಜೆ ಬಲಕ್ಕೆ ಹೋದೆ. ಜಾಸ್ತಿ ಆಯಿತು. ಅರ್ಧ ಹೆಜ್ಜೆ ವಾಪಸ್. ಇಷ್ಟೆಲ್ಲ ಆಗುವಾಗ ಜೂಮ್ ಮುಟ್ಟಲೇಬಾರದು. ಜೂಮ್ ಮಾಡಿದರೆ ಚಿತ್ರ ದೊಡ್ಡದಾಗುತ್ತದೆ ಅಷ್ಟೇ, ಕುದುರೆಗೂ ಕಂಬಕ್ಕೂ ಇರುವ ಸಂಬಂಧ ಬದಲಾಗುವುದಿಲ್ಲ. ಅದು ಬದಲಾಗುವುದು ಕಾಲು ಸರಿಸಿದರೆ ಮಾತ್ರ. ಕೊನೆಗೆ ಸರಿಹೊಂದಿದ ಜಾಗ ಬಸ್ಸು ಓಡಾಡುವ ರಸ್ತೆಯ ಅಂಚು. ಭಾನುವಾರ ಬೆಳಗ್ಗೆ ಬೇಗ ಹೋಗಿ, ಸಿಗ್ನಲ್ ಕೆಂಪು ಇದ್ದಾಗ ಇಳಿದು, ತೆಗೆದು, ಹತ್ತಿಕೊಂಡೆ.

ಇನ್ನೊಂದು ಕಿರಿಕಿರಿ ಗೋಡೆಗಳದ್ದು. ಹಳೇ ಚಿತ್ರಗಳಲ್ಲಿ ಎಷ್ಟು ಎತ್ತರದ ಗೋಡೆಯೂ ನೆಟ್ಟಗೆ ನಿಂತಿರುತ್ತದೆ, ನಮ್ಮದರಲ್ಲಿ ಹಿಂದಕ್ಕೆ ವಾಲುತ್ತದೆ. ಆಗಿನ ಪ್ಲೇಟ್ ಕ್ಯಾಮೆರಾಗಳಲ್ಲಿ ಲೆನ್ಸನ್ನು ಮಾತ್ರ ಮೇಲಕ್ಕೆ ಎತ್ತಬಹುದಿತ್ತು, ಕ್ಯಾಮೆರಾ ಬಗ್ಗಿಸಬೇಕಿರಲಿಲ್ಲ. ನಾನು ವೈಡ್ ಲೆನ್ಸ್ ಹಾಕಿ, ಕ್ಯಾಮೆರಾ ಮಟ್ಟಸವಾಗಿ ಹಿಡಿದು, ಕೆಳಗೆ ಬರುವ ಬರೀ ರಸ್ತೆಯನ್ನು ಆಮೇಲೆ ಕತ್ತರಿಸುತ್ತೇನೆ. ದುಬಾರಿ ಲೆನ್ಸ್ ಬೇಕಿಲ್ಲ.

ಯಾವ ಚಿತ್ರದಿಂದ ಶುರು ಮಾಡಬೇಕು ಅಂತ ಕೇಳಿದರೆ, ಆರ್ಥರ್ ಕ್ರಾಸ್ ಮತ್ತು ಫ್ರೆಡ್ ಟಿಬ್ಸ್ ಅನ್ನುವ ಇಬ್ಬರು ಸಿಟಿ ಪೊಲೀಸರು ತೆಗೆದವುಗಳಿಂದ. ಸಿಟಿ ಅಂದರೆ ಇಲ್ಲಿ ಲಂಡನ್ನಿನ ಹಳೇ ನಡುಭಾಗ. ಹಾನಿಯನ್ನು ದಾಖಲಿಸುವುದೇ ಅವರ ಕೆಲಸವಾಗಿತ್ತು. ಪತ್ರಿಕೆಯವರ ಚಿತ್ರ ಚೆಂದ, ಆದರೆ ಕೈಗೆಟುಕುವುದಿಲ್ಲ. 1940ರ ಡಿಸೆಂಬರ್ 29ರ ಬೆಂಕಿಯ ಹೊಗೆಯಿಂದ ಸೇಂಟ್ ಪಾಲ್ಸ್ ಗುಮ್ಮಟ ಮೇಲೆದ್ದು ಕಾಣುವ ಹೆರ್ಬರ್ಟ್ ಮೇಸನ್ ಚಿತ್ರ ಎಲ್ಲರೂ ನೋಡಿರುತ್ತಾರೆ. ಅದು ಡೈಲಿ ಮೇಲ್ ಕಟ್ಟಡದ ತಾರಸಿಯಿಂದ ತೆಗೆದದ್ದು. ನನ್ನಂಥವನನ್ನು ಅಲ್ಲಿಗೆ ಯಾರು ಹತ್ತಿಸುತ್ತಾರೆ?

ಜಾಗ ಗುರುತಿಸಲು ಆಗಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್ ಮಾಡಿಸಿದ ಬಾಂಬ್ ಹಾನಿ ನಕ್ಷೆಗಳಿವೆ. ಒಂದೊಂದು ಕಟ್ಟಡಕ್ಕೂ ಕೈಯಲ್ಲಿ ಬಣ್ಣ ಹಚ್ಚಿದ್ದಾರೆ. ಕಪ್ಪು ಅಂದರೆ ಪೂರ್ತಿ ನೆಲಸಮ, ನೇರಳೆ ಅಂದರೆ ರಿಪೇರಿಗೂ ಆಗದ್ದು, ಹಳದಿ ಅಂದರೆ ಸಣ್ಣಪುಟ್ಟ ಪೆಟ್ಟು. ಜರ್ಮನ್ನರ ವಿ-1 ಹಾರುವ ಬಾಂಬು ಬಿದ್ದ ಕಡೆ ದೊಡ್ಡ ವೃತ್ತ, ವಿ-2 ರಾಕೆಟ್ ಬಿದ್ದ ಕಡೆ ಚಿಕ್ಕದು. ಯುದ್ಧದ ಮೇಲೆ ಹೊಸದಾಗಿ ಕಟ್ಟಿದ ಬಾರ್ಬಿಕನ್ ಬಡಾವಣೆ ಇರುವ ಕಡೆ ನಕ್ಷೆ ನೋಡಿದರೆ ಬರೀ ಕಪ್ಪು, ನೇರಳೆ. ಅಲ್ಲಿ ಗಲ್ಲಿಗಳ ಹೆಸರೇ ಉಳಿದಿಲ್ಲ. ಜನ ಓಡಾಡುವ ದಾರಿಯನ್ನು ಒಂದು ಮಹಡಿ ಮೇಲಕ್ಕೆ ಎತ್ತಿಬಿಟ್ಟಿದ್ದಾರೆ. ಸೇಂಟ್ ಜೈಲ್ಸ್ ಚರ್ಚ್ ಒಂದನ್ನೇ ಹಿಡಿದು ಎರಡು ಶನಿವಾರ ಒದ್ದಾಡಿ ಬಿಟ್ಟುಬಿಟ್ಟೆ.

ನ್ಯೂಗೇಟ್ ಸ್ಟ್ರೀಟಿನ ಕ್ರೈಸ್ಟ್ ಚರ್ಚ್ ಬೇರೆಯೇ ಕಥೆ. ಡಿಸೆಂಬರ್ 29ರ ಬೆಂಕಿಯಲ್ಲಿ ಚಾವಣಿ ಹೋಯಿತು, ಗೋಪುರ ಮತ್ತು ಗೋಡೆಗಳು ಉಳಿದವು. ಈಗ ಒಳಗೆ ಗುಲಾಬಿ ತೋಟ. ಕಂಬಗಳಿದ್ದ ಕಡೆಯೆಲ್ಲ ಬಳ್ಳಿ ಹಬ್ಬಿಸಲು ಮರದ ಚೌಕಟ್ಟು ನಿಲ್ಲಿಸಿದ್ದಾರೆ. ಆದರೆ ಹಳೇ ಚಿತ್ರದಲ್ಲಿರುವ ಪೂರ್ವದ ಗೋಡೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಬಾಂಬಿಗೆ ಬೀಳದ ಗೋಡೆಯನ್ನು 1970ರ ದಶಕದಲ್ಲಿ ರಸ್ತೆ ಅಗಲ ಮಾಡಲು ಕೆಡವಿದ್ದರಂತೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆಲ್ಡರ್‌ಮನ್‌ಬರಿಯ ಸೇಂಟ್ ಮೇರಿ ಚರ್ಚಿನದು ಇನ್ನೂ ವಿಚಿತ್ರ. ಅದರ ಕಲ್ಲುಗಳನ್ನು 1960ರ ದಶಕದಲ್ಲಿ ಹಡಗಿಗೆ ಹಾಕಿ ಅಮೆರಿಕದ ಮಿಸೌರಿಗೆ ಕಳಿಸಿ, ಅಲ್ಲಿ ಮತ್ತೆ ಜೋಡಿಸಿದರು. ಇಲ್ಲಿ ಉಳಿದಿರುವುದು ಕಂಬದ ಬುಡಗಳು ಮಾತ್ರ. ನನ್ನ ಚಿತ್ರದಲ್ಲಿ ಒಬ್ಬರು ಅಂಥದ್ದೊಂದು ಬುಡದ ಪಕ್ಕ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾರೆ.

ಸೆಕ್ಯೂರಿಟಿಯವರ ಕಾಟವೂ ಇದೆ. ಸಿಟಿಯಲ್ಲಿ ಎಷ್ಟೋ ಚೌಕಗಳು ನೋಡಲು ಸಾರ್ವಜನಿಕ, ಕಾಗದದಲ್ಲಿ ಖಾಸಗಿ. ಒಂದು ಕಡೆ ಟ್ರೈಪಾಡ್ ಬಿಚ್ಚುತ್ತಿದ್ದಂತೆ ಒಬ್ಬ ಬಂದು ನೆಲದಲ್ಲಿ ಹೂತ ಲೋಹದ ಗುಬ್ಬಿಗಳ ಸಾಲು ತೋರಿಸಿದ. ಆ ಕಡೆ ನಿಂತರೆ ಸರಿ, ಈ ಕಡೆ ಬೇಡ. ನನಗೆ ಬೇಕಿದ್ದ ಜಾಗ ಈ ಕಡೆಗೆ ಒಂದು ಮೊಳ. ಟ್ರೈಪಾಡ್ ಮಡಚಿ ಕೈಯಲ್ಲೇ ತೆಗೆದೆ.

ದೊಡ್ಡ ತಪ್ಪು ಮಾತ್ರ ನನ್ನದೇ. ನೆರಳು ಕೂಡ ಹೊಂದಲಿ ಅನ್ನುವ ಹುಚ್ಚು ಹತ್ತಿತ್ತು. 1941ರ ಜನವರಿಯ ಒಂದು ಚಿತ್ರದ ಕೆಳಗೆ ಬೆಳಗ್ಗೆ 11 ಗಂಟೆ ಅಂತ ಇತ್ತು. ನಾನೂ ಜನವರಿಯಲ್ಲಿ, ಸರಿಯಾಗಿ 11ಕ್ಕೆ ಹೋಗಿ ನಿಂತೆ. ಗೋಡೆ ಮೂಲೆಯ ನೆರಳು ಹಳೇ ಚಿತ್ರದಲ್ಲಿ ಬಾಗಿಲು ದಾಟಿ ಬಿದ್ದಿದೆ, ನನ್ನ ಎದುರಿಗೆ ಬಾಗಿಲವರೆಗೂ ಬಂದಿಲ್ಲ. ಮಾರನೇ ದಿನವೂ ಅಷ್ಟೇ. ಬರೆದವರೇ ತಪ್ಪಿದ್ದಾರೆ ಅಂತ ತೀರ್ಮಾನ ಮಾಡಿದ್ದೆ. ತಿಂಗಳ ಮೇಲೆ ಗೊತ್ತಾಯಿತು: ಇಲ್ಲಿ ಪ್ರತಿ ಅಕ್ಟೋಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಲ್ಲ, 1940ರಲ್ಲಿ ಯುದ್ಧದ ಕಾರಣಕ್ಕೆ ತಿರುಗಿಸಿರಲೇ ಇಲ್ಲ. ಅವರ ಚಳಿಗಾಲದ 11 ಅಂದರೆ ನಮ್ಮ 10. ಮುಂದಿನ ವರ್ಷದ ಜನವರಿವರೆಗೆ ಕಾಯಬೇಕಾಯಿತು. ನೆರಳು ಕೂದಲೆಳೆಯಷ್ಟೂ ಆಚೀಚೆ ಆಗದೆ ಬಂದು ಬಿತ್ತು.

ಹಳೇದನ್ನೂ ಹೊಸದನ್ನೂ ಒಂದರೊಳಗೆ ಒಂದು ಬೆರೆಸಿ, ಹೆಣ ಎತ್ತುವವರ ಪಕ್ಕ ಕಾಫಿ ಕಪ್ ಹಿಡಿದವರನ್ನು ನಡೆಸುವ ಚಿತ್ರಗಳು ಈಗ ಜಾಸ್ತಿ. ನನಗೆ ಅದು ಸೇರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಡುತ್ತೇನೆ, ನಡುವೆ ಒಂದು ಬೆರಳು ಬಿಳಿ ಜಾಗ ಬಿಟ್ಟು.

ಕೊನೆಯದಾಗಿ ತೆಗೆದದ್ದು ನ್ಯೂ ಕ್ರಾಸ್‌ನದು. 1944ರ ನವೆಂಬರ್ 25, ಶನಿವಾರ ಮಧ್ಯಾಹ್ನ 12:26ಕ್ಕೆ ಅಲ್ಲಿನ ವುಲ್‌ವರ್ತ್ಸ್ ಅಂಗಡಿ ಮೇಲೆ ವಿ-2 ರಾಕೆಟ್ ಬಿತ್ತು. 168 ಜನ ಸತ್ತರು. ಅಂಗಡಿಗೆ ಪಾತ್ರೆ ಬಂದಿವೆ ಅಂತ ಸುದ್ದಿ ಹಬ್ಬಿ ಹೆಂಗಸರು ಸಾಲು ನಿಂತಿದ್ದರು ಅನ್ನುತ್ತಾರೆ. ಈಗ ಅಲ್ಲೊಂದು ಫಲಕ ಇದೆ. ಎದುರುಗಡೆ ಫುಟ್‌ಪಾತ್‌ನಲ್ಲಿ ನಿಂತರೆ ಸಾಕು, ಜಾಗ ಹುಡುಕುವ ಕಷ್ಟವೇನೂ ಇರಲಿಲ್ಲ. ಹೋದದ್ದು ನವೆಂಬರಿನ ಶನಿವಾರವೇ. 1944ರ ಚಳಿಗಾಲದಲ್ಲೂ ಗಡಿಯಾರ ಒಂದು ಗಂಟೆ ಮುಂದಿತ್ತು. ಅದಕ್ಕೆ 11:26ಕ್ಕೆ ಬಟನ್ ಒತ್ತಿದೆ. ಒಂದು ಬಸ್ಸು ಅಡ್ಡ ಬಂತು. ಇನ್ನೊಂದು ತೆಗೆಯಲಿಲ್ಲ.