ಮಗನ ಮೊದಲ ಟ್ರಾಫಿಕ್ ಟಿಕೆಟ್: ನಾವು ಸುಮ್ನೆ ದುಡ್ಡು ಕಟ್ಟಿ ಮುಗಿಸಲಿಲ್ಲ

ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. "ಅಮ್ಮಾ, ಬೈಬೇಡ" ಅಂತಲೇ ಶುರು ಮಾಡಿದ. ಕಾರು ಎಲ್ಲೂ ಗುದ್ದಿಲ್ಲ, ಯಾರಿಗೂ ಏನೂ ಆಗಿಲ್ಲ, ಪೊಲೀಸ್ ಟಿಕೆಟ್ ಕೊಟ್ಟಿದ್ದಾರೆ ಅಷ್ಟೆ ಎಂದು ಗೊತ್ತಾಗುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದಾಗಿತ್ತು.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಗನಿಗೆ 16, ಲೈಸೆನ್ಸ್ ಬಂದು ಐದು ತಿಂಗಳಾಗಿತ್ತು. ಇಲ್ಲಿ 18 ತುಂಬದವರಿಗೆ ಕೊಡುವುದು ಪ್ರೊವಿಷನಲ್ ಲೈಸೆನ್ಸ್. ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಓಡಿಸುವಂತಿಲ್ಲ, 20 ವರ್ಷದೊಳಗಿನವರನ್ನು ಕೂರಿಸಿಕೊಳ್ಳುವಂತಿಲ್ಲ. ಕಾರಲ್ಲಿ ಅಪ್ಪನೋ ಅಮ್ಮನೋ, ಇಲ್ಲಾ 25 ದಾಟಿದ ಲೈಸೆನ್ಸ್ ಇರುವವರೋ ಜೊತೆಗಿದ್ದರೆ ಪರವಾಗಿಲ್ಲ. ನಮ್ಮ ರಾಯರು ಇಬ್ಬರು ಗೆಳೆಯರನ್ನು ಕೂರಿಸಿಕೊಂಡು, 40 ಮೈಲಿ ಮಿತಿಯ ರಸ್ತೆಯಲ್ಲಿ 53ರಲ್ಲಿ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮನೆ ಕಡೆ ಬರುತ್ತಿದ್ದರು.

ನಮ್ಮ ಯಜಮಾನರು ನನ್ನನ್ನು ಅಲ್ಲಿಗೆ ಬಿಟ್ಟು ಬಂದರು. ನಾನು ಅವನ ಪಕ್ಕದ ಸೀಟಿನಲ್ಲಿ ಕೂತೆ. ಗೆಳೆಯರಿಬ್ಬರನ್ನೂ ಅವರವರ ಮನೆಗೆ ಬಿಟ್ಟು ಅವನೇ ಓಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಆ ರಾತ್ರಿ ಬೈಯದೆ ಇದ್ದದ್ದು ನಾನು ಮಾಡಿದ ಅತಿ ಕಷ್ಟದ ಕೆಲಸ, ನಿಜವಾಗಲೂ.

ಬೆಳಗ್ಗೆ ಟಿಕೆಟ್ ಬಿಚ್ಚಿಟ್ಟುಕೊಂಡು ಕೂತೆವು. "ಸೈನ್ ಮಾಡ್ಬಿಟ್ಟೆ ಅಮ್ಮ, ತಪ್ಪು ಒಪ್ಕೊಂಡ ಹಾಗಾಯ್ತಾ?" ಎಂದು ಕೇಳಿದ. ಇಲ್ಲ. ಆ ಸಹಿಯ ಅರ್ಥ, ಹೇಳಿದ ದಿನಾಂಕದೊಳಗೆ ಕೋರ್ಟಿಗೆ ಹಾಜರಾಗುತ್ತೇನೆ ಎಂಬ ಮಾತು ಅಷ್ಟೆ. ಟಿಕೆಟ್‌ನಲ್ಲಿ ಎರಡು ಸಾಲು ಇತ್ತು: ಒಂದು ವೇಗ, ಇನ್ನೊಂದು ಪ್ರೊವಿಷನಲ್ ನಿಯಮ. ಬರೀ ಎಳೆ ಮುಖದವನು ಓಡಿಸುತ್ತಿದ್ದಾನೆ, ಲೈಸೆನ್ಸ್ ಯಾವ ಥರದ್ದು ನೋಡೋಣ ಎಂದು ಇಲ್ಲಿ ಪೊಲೀಸರು ಕಾರು ನಿಲ್ಲಿಸುವಂತಿಲ್ಲ. ಬೇರೆ ಕಾರಣಕ್ಕೆ ನಿಲ್ಲಿಸಿದಾಗ ಇದು ಸೇರಿಕೊಳ್ಳುತ್ತದೆ. 13 ಮೈಲಿ ಜಾಸ್ತಿ ಓಡಿಸಿ ಆ ಕಾರಣವನ್ನು ಇವನೇ ಕೈಗೆ ಕೊಟ್ಟಿದ್ದ.

ನನ್ನ ಮೊದಲ ಯೋಚನೆ, ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಕೈ ತೊಳೆದುಕೊಳ್ಳೋಣ ಎಂದು. ಬೆಂಗಳೂರಿನ ತಮ್ಮನಂತೂ ಫೋನಲ್ಲಿ, "ಸ್ವಲ್ಪ ದಿನ ಕಾಯಿ ಅಕ್ಕ, 50% ಡಿಸ್ಕೌಂಟ್ ಬಿಡ್ತಾರೆ" ಎಂದು ನಕ್ಕ. 2023ರಲ್ಲಿ ಅಲ್ಲಿ ಬಾಕಿ ದಂಡಕ್ಕೆ ಹಾಗೆ ಬಿಟ್ಟಿದ್ದರಲ್ಲ, ಅವನೂ ಸಾಲಿನಲ್ಲಿ ನಿಂತು ಕಟ್ಟಿದ್ದನಂತೆ. ಇಲ್ಲಿ ಕಾದರೆ ಡಿಸ್ಕೌಂಟ್ ಬರುವುದಿಲ್ಲ, ಗೈರುಹಾಜರಿಯ ಕೇಸ್ ಬರುತ್ತದೆ. ಸುಮ್ನೆ ದುಡ್ಡು ಕಟ್ಟಿದರೂ ತಪ್ಪೊಪ್ಪಿಕೊಂಡ ಹಾಗೇ, ಲೈಸೆನ್ಸ್ ಮೇಲೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಕೂರುತ್ತದೆ.

ನನ್ನ ಪ್ರಕಾರ ಹೆತ್ತವರು ಎಡವುವುದು ಈ ಪಾಯಿಂಟ್ ವಿಷಯದಲ್ಲೇ. ದಂಡದ ಮೊತ್ತ ನೋಡಿ ಹೌಹಾರುತ್ತೇವೆ. ಈ ವೇಗಕ್ಕೆ ಮೂಲ ದಂಡ 35 ಡಾಲರ್, ಅದರ ಮೇಲೆ ಅದೂ ಇದೂ ಸೇರಿ ದೊಡ್ಡವರಿಗೆ ಇನ್ನೂರಮೂವತ್ತರ ಮೇಲೆ ಹೋಗುತ್ತದೆ. ಆದರೆ ದುಡ್ಡು ಒಂದು ಸಲ ಹೋಗುವಂಥದ್ದು, ಪಾಯಿಂಟ್ ಹಾಗಲ್ಲ. ದೊಡ್ಡವರ ಲೈಸೆನ್ಸಿಗೆ ಕುತ್ತು ಬರಲು 12 ತಿಂಗಳಲ್ಲಿ 4 ಪಾಯಿಂಟ್ ಬೇಕು. 18ರೊಳಗಿನವರಿಗೆ 2 ಆದರೆ ಸಾಕು, 30 ದಿನ ಜೊತೆಗೆ ದೊಡ್ಡವರಿಲ್ಲದೆ ಓಡಿಸುವಂತಿಲ್ಲ. 3 ಆದರೆ ಆರು ತಿಂಗಳು ಲೈಸೆನ್ಸೇ ಅಮಾನತು, ಮೇಲೊಂದು ವರ್ಷ ಪ್ರೊಬೇಷನ್. ಹದಿನಾರರ ಹುಡುಗನಿದ್ದಾನೆ ಎಂದು ಮೊದಲೇ ಬೆನ್ನು ಮುರಿಯುವಷ್ಟು ಪ್ರೀಮಿಯಂ ಕಟ್ಟುತ್ತಿದ್ದೇವೆ, ಪಾಯಿಂಟ್ ಕಂಡರೆ ಇನ್ಷೂರೆನ್ಸ್‌ನವರು ಬಿಡುತ್ತಾರಾ?

ಇನ್ನೊಂದು ಯೋಚನೆಯೂ ಬಂತು, ಹೇಳಿಕೊಳ್ಳಲು ನಾಚಿಕೆ. ಶಾಲೆಯ ಚಟುವಟಿಕೆ, ಕೆಲಸ, ಆಸ್ಪತ್ರೆ, ಮನೆಯ ಅಗತ್ಯ, ಇವಕ್ಕೆ ಸಹಿ ಮಾಡಿದ ಚೀಟಿ ಇದ್ದರೆ ರಾತ್ರಿ ನಿಯಮಕ್ಕೆ ವಿನಾಯಿತಿ ಇದೆ. ಮನೆಯ ಅಗತ್ಯಕ್ಕಾದರೆ ಚೀಟಿ ಬರೆಯಬೇಕಾದವರು ನಾವೇ. ಹಿಂದಿನ ತಾರೀಖು ಹಾಕಿ ಒಂದು ಬರೆದರೆ? ಪೆನ್ನು ಕೈಗೆ ತೆಗೆದುಕೊಂಡೂ ಇದ್ದೆ. ಮಗ ನೋಡುತ್ತಿದ್ದ. "ಪೊಲೀಸ್ ಆಗ್ಲೇ ಕೇಳಿದ್ರಮ್ಮ, ಲೆಟರ್ ಏನಾದ್ರೂ ಇದ್ಯಾ ಅಂತ. ಇಲ್ಲ ಅಂದೆ." ಪೆನ್ನು ಕೆಳಗಿಟ್ಟೆ. ಚೀಟಿ ಓಡಿಸುವಾಗ ಜೊತೆಯಲ್ಲೇ ಇರಬೇಕು ಎಂಬುದು ನಿಯಮ. ಅದಿರಲಿ, ಅವನೆದುರಿಗೆ ಸುಳ್ಳು ಚೀಟಿ ಬರೆದಿದ್ದರೆ ಮುಂದೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು?

ಒಂದು ಎಡವಟ್ಟು ನಮ್ಮದೇ. ಕೋರ್ಟಿನಿಂದ ಅಂಚೆಯಲ್ಲಿ ನೋಟಿಸ್ ಬರುತ್ತದೆ ಎಂದು ಮೂರು ವಾರ ಕಾದೆವು. ಅದು ಬಂದಿತ್ತು, ಹಳೇ ಅಪಾರ್ಟ್‌ಮೆಂಟಿಗೆ! ಮನೆ ಬದಲಿಸಿದರೆ 10 ದಿನದೊಳಗೆ ಡಿಎಂವಿಗೆ (ನಮ್ಮೂರಿನ ಆರ್‌ಟಿಒ ಇದ್ದ ಹಾಗೆ) ತಿಳಿಸಬೇಕು. ನಮ್ಮಿಬ್ಬರದು ಬದಲಿಸಿದ್ದೆವು, ಅವನದು ಮರೆತಿತ್ತು. ನೋಟಿಸ್ ಕೈಗೆ ಬರಲಿ ಬಿಡಲಿ, ಟಿಕೆಟ್ ಮೇಲೆ ಬರೆದ ದಿನಾಂಕವೇ ಲೆಕ್ಕ. ಅದನ್ನು ಫೋಟೋ ತೆಗೆದು ಕ್ಯಾಲೆಂಡರಿಗೆ ಹಾಕಿಟ್ಟದ್ದರಿಂದ ಬಚಾವಾದೆವು.

ಕೋರ್ಟಿನ ಕ್ಲರ್ಕಿಗೆ ಫೋನ್ ಮಾಡಲು ಅವನಿಗೇ ಹೇಳಿದೆ. ನಲವತ್ತು ನಿಮಿಷ ಹೋಲ್ಡ್‌ನ ಸಂಗೀತ ಕೇಳುತ್ತಾ ಕೂತ, ಒಳ್ಳೆಯದೇ ಆಯಿತು. ಮಕ್ಕಳ ಟಿಕೆಟ್ ಎಲ್ಲಿಗೆ ಹೋಗುತ್ತದೆ ಎಂಬುದು ಕೌಂಟಿಯಿಂದ ಕೌಂಟಿಗೆ ಬೇರೆ. ಕೆಲವು ಕಡೆ ಮಾಮೂಲಿ ಟ್ರಾಫಿಕ್ ಕೋರ್ಟ್, ಕೆಲವು ಕಡೆ ಮಕ್ಕಳಿಗೇ ಅಂತ ಇರುವ ವಿಚಾರಣಾಧಿಕಾರಿ. ನಮ್ಮದು ಎರಡನೆಯದು, ಹೆತ್ತವರಲ್ಲಿ ಒಬ್ಬರು ಜೊತೆಗೆ ಬರಲೇಬೇಕು ಎಂದರು.

ವಿಚಾರಣೆ ಎಂದರೆ ಹತ್ತು ನಿಮಿಷವೂ ಇಲ್ಲ. ಅಧಿಕಾರಿ ನನ್ನ ಕಡೆ ನೋಡಲೇ ಇಲ್ಲ, ಅವನನ್ನೇ ಕೇಳಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಧ್ವನಿ ಮಾತ್ರ ಹೊರಡಲಿಲ್ಲ. ವೇಗ ಹೌದು, ಗೆಳೆಯರು ಹೌದು, ಟೈಮ್ ನೋಡಿಕೊಳ್ಳಲಿಲ್ಲ ಎಂದ. ಟ್ರಾಫಿಕ್ ಸ್ಕೂಲ್ (ಸುರಕ್ಷಿತವಾಗಿ ಓಡಿಸುವ ಪಾಠ) ಮಾಡಲು ಅವಕಾಶ ಕೊಡಿ ಎಂದು ಕೇಳಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದೆ, ಅದನ್ನು ಮರೆಯಲಿಲ್ಲ. ಸಾಮಾನ್ಯವಾಗಿ 18 ತಿಂಗಳಿಗೆ ಒಂದೇ ಸಲ ಸಿಗುವ ಅವಕಾಶ ಇದು. ಗಡುವಿನೊಳಗೆ ಮುಗಿಸಿದರೆ ಪಾಯಿಂಟ್ ಇನ್ಷೂರೆನ್ಸ್ ಕಂಪನಿಯ ಕಣ್ಣಿಗೆ ಬೀಳುವುದಿಲ್ಲ. ಸಿಕ್ಕಿತು. ಪ್ರೊವಿಷನಲ್ ನಿಯಮ ಮುರಿದದ್ದಕ್ಕೆ 8 ಗಂಟೆ ಸಮುದಾಯ ಸೇವೆ. ಮೊದಲ ಸಲಕ್ಕೆ 8ರಿಂದ 16 ಗಂಟೆ ಅಥವಾ 35 ಡಾಲರ್ ತನಕ ದಂಡ ಎಂದು ಕಾನೂನಿನಲ್ಲೇ ಇದೆ, ಇದಕ್ಕೆ ಪಾಯಿಂಟ್ ಇಲ್ಲ. ಸೇವೆಯೇ ಬಂದದ್ದು ನನಗೆ ಖುಷಿ. ದಂಡವಾಗಿದ್ದರೆ ನಾನು ಕಟ್ಟುತ್ತಿದ್ದೆ, ಅವನಿಗೇನು?

ಎರಡು ಶನಿವಾರ ಫುಡ್ ಬ್ಯಾಂಕಿನಲ್ಲಿ ಈರುಳ್ಳಿ ಚೀಲ ಹೊತ್ತ. ಟ್ರಾಫಿಕ್ ಸ್ಕೂಲಿನ ಫೀಸನ್ನು ತಾನು ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಲ್ಲೇ ಕಟ್ಟಿದ. ಒಂದು ತಿಂಗಳು ಕೀಲಿ ಕೊಡಲಿಲ್ಲ, ಅದು ಕೋರ್ಟಿನದಲ್ಲ, ನಮ್ಮ ಮನೆಯ ಶಿಕ್ಷೆ. ಇವರಿಗೆ ಅದು ಜಾಸ್ತಿ ಆಯಿತು ಅನ್ನಿಸಿತ್ತು, ಈಗಲೂ ಹಾಗೇ ಅನ್ನುತ್ತಾರೆ.

ಈ ಗಲಾಟೆಯಲ್ಲೇ ಇನ್ನೊಂದು ಗೊತ್ತಾಯಿತು. 20ರೊಳಗಿನವರು ಎಂದರೆ ಮನೆಯ ತಂಗಿಯೂ ಸೇರುತ್ತಾಳೆ! ದಿನಾ ಬೆಳಗ್ಗೆ ಅವಳನ್ನು ಶಾಲೆಗೆ ಬಿಡುತ್ತಿದ್ದವನು ಇವನೇ, ಅಷ್ಟು ದಿನವೂ ಚೀಟಿ ಇಲ್ಲದೆ. ನಾವಿಬ್ಬರೂ ಏಳಕ್ಕೇ ಕೆಲಸಕ್ಕೆ ಹೊರಡುತ್ತೇವೆ, ಶಾಲೆಯ ಬಸ್ಸಿಲ್ಲ. ಅದನ್ನೇ ಕಾರಣ ಎಂದು ಬರೆದು, ಎಲ್ಲಿಯ ತನಕ ಎಂದು ತಾರೀಖು ಹಾಕಿ, ಸಹಿ ಮಾಡಿ ಕಾರಿನಲ್ಲಿಟ್ಟೆ. ಹೋದ ವಾರ ಅಡುಗೆಮನೆಗೆ ಬಂದು, "ಅಮ್ಮ, ಆ ಲೆಟರ್ ಡೇಟ್ ಶುಕ್ರವಾರಕ್ಕೆ ಮುಗಿಯತ್ತೆ, ಹೊಸದು ಬರ್ದುಕೊಡು" ಎಂದ. ಕೈ ಒರೆಸಿಕೊಂಡು ಅಲ್ಲೇ ಬರೆದುಕೊಟ್ಟೆ.