ಮಗ್ಗುಲಿನ ಖಾಲಿ ಸೈಟು: ಡೆಟ್ರಾಯ್ಟ್‌ನಲ್ಲಿ ಕೊಳ್ಳುವ ಬಗೆ, ಟೊಲೀಡೊದಲ್ಲಿ ಬೇರೆಯಾಗುವ ಕಡೆ

1950ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯ್ಟ್‌ನಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 2020ರ ಜನಗಣತಿಗೆ ಸಿಕ್ಕವರು 6,39,111. ಊರು ಬಿಟ್ಟವರ ಮನೆಗಳು ಪಾಳುಬಿದ್ದವು, ಸಾವಿರಗಟ್ಟಲೆ ಮನೆಗಳನ್ನು ನಗರಸಭೆಯೇ ಕೆಡವಿತು. ಹೀಗೆ ಉಳಿದ ಖಾಲಿ ಸೈಟುಗಳು ಈಗ ಬೀದಿಬೀದಿಯಲ್ಲೂ ಇವೆ. ಕಾರಿನಲ್ಲಿ ಒಂದು ಗಂಟೆ ದಕ್ಷಿಣಕ್ಕೆ ಹೋದರೆ ಓಹಾಯೊ ರಾಜ್ಯದ ಟೊಲೀಡೊ. ಅಲ್ಲೂ ಕಾರು ಕಾರ್ಖಾನೆಗಳೇ, ಅಲ್ಲೂ ಜನ ಕಡಿಮೆಯಾದರು, ಕಾನೂನು ಮಾತ್ರ ಬೇರೆ. ಎರಡೂ ಊರುಗಳಲ್ಲಿ ಮನೆಯ ಮಗ್ಗುಲಿನ ಪಾಳು ಜಾಗವನ್ನು ತೋಟ ಮಾಡಿಕೊಂಡವರು ಬಹಳ ಮಂದಿ. ಅರ್ಧಕ್ಕೆ ಕೈಬಿಟ್ಟವರೂ ಇದ್ದಾರೆ. ಕೈಬಿಟ್ಟವರಲ್ಲಿ ಹೆಚ್ಚಿನವರು ಎಡವಿದ್ದು ಕಾಗದದಲ್ಲಿ.

ಜಾಗ ಯಾರದು

ಹಾರೆ ಹಿಡಿಯುವ ಮುಂಚೆ ಮಾಡಬೇಕಾದ ಮೊದಲ ಕೆಲಸ ಇದು. ಹುಲ್ಲು ಎದೆಮಟ್ಟ ಬೆಳೆದಿದೆ, ಯಾರೂ ಬರುವುದಿಲ್ಲ, ಹಾಗಾಗಿ ಸರ್ಕಾರದ್ದೇ ಇರಬೇಕು ಎಂದುಕೊಂಡು ಬೇಲಿ ಹಾಕಿದರೆ ಎರಡು ವರ್ಷದ ಬಳಿಕ ಯಾವುದೋ ಎಲ್‌ಎಲ್‌ಸಿಯ, ಅಂದರೆ ಖಾಸಗಿ ಕಂಪನಿಯ, ವಕೀಲರಿಂದ ಕಾಗದ ಬರುತ್ತದೆ.

ಡೆಟ್ರಾಯ್ಟ್ ನಗರಸಭೆಯ ಆನ್‌ಲೈನ್ ಪಾರ್ಸೆಲ್ (ಅಂದರೆ ಸೈಟು) ನಕ್ಷೆಯಲ್ಲಿ ಆ ಸೈಟಿನ ಮೇಲೆ ಒತ್ತಿದರೆ ಮಾಲೀಕರ ಹೆಸರು, ತೆರಿಗೆ ಚೀಟಿ ಹೋಗುವ ವಿಳಾಸ, ಅಳತೆ, ಪಾರ್ಸೆಲ್ ಸಂಖ್ಯೆ ಎಲ್ಲ ಬರುತ್ತವೆ. ಪಾರ್ಸೆಲ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಕೇಳುವುದು ಅದನ್ನೇ. ಮೊದಲ ಎರಡು ಅಂಕಿ ಹಳೆಯ ವಾರ್ಡಿನವು. ಬಹಳಷ್ಟು ಸಂಖ್ಯೆಗಳ ಕೊನೆಗೆ ಒಂದು ಚುಕ್ಕೆ ಇರುತ್ತದೆ. ಅದು ವಾಕ್ಯ ಮುಗಿಸುವ ಚುಕ್ಕೆಯಲ್ಲ, ಸಂಖ್ಯೆಯದೇ ಭಾಗ. ಅದನ್ನು ಬಿಟ್ಟು ಹುಡುಕಿದರೆ ಕೆಲವು ಪುಟಗಳು ಇಂಥ ಆಸ್ತಿಯೇ ಇಲ್ಲ ಎನ್ನುತ್ತವೆ.

ಹ್ಯಾಮ್‌ಟ್ರಾಮಿಕ್ ಮತ್ತು ಹೈಲ್ಯಾಂಡ್ ಪಾರ್ಕ್ ಕಡೆಯವರಿಗೆ ಇನ್ನೊಂದು ತೊಡಕು. ಈ ಎರಡು ಪುಟ್ಟ ಊರುಗಳು ಡೆಟ್ರಾಯ್ಟ್‌ನ ಹೊಟ್ಟೆಯೊಳಗೇ ಇವೆ, ಆದರೆ ಎರಡಕ್ಕೂ ತಮ್ಮ ತಮ್ಮ ನಗರಸಭೆ ಉಂಟು. 48212 ಪಿನ್‌ಕೋಡ್ ಹ್ಯಾಮ್‌ಟ್ರಾಮಿಕ್‌ಗೂ ಅದರ ಸುತ್ತಲಿನ ಡೆಟ್ರಾಯ್ಟ್ ಬೀದಿಗಳಿಗೂ ಒಂದೇ. 48203 ಕೂಡ ಹಾಗೆಯೇ, ಹೈಲ್ಯಾಂಡ್ ಪಾರ್ಕಿನ ಗಡಿಯಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಲಕೋಟೆಯ ಮೇಲಿನ ಊರಿನ ಹೆಸರನ್ನು ನಂಬಬೇಡಿ. ಆಸ್ತಿ ತೆರಿಗೆ ಯಾವ ನಗರಸಭೆಗೆ ಕಟ್ಟುತ್ತೀರೋ ಆ ಊರು ನಿಮ್ಮದು.

ಮಾಲೀಕರ ಜಾಗದಲ್ಲಿ ಡೆಟ್ರಾಯ್ಟ್ ಲ್ಯಾಂಡ್ ಬ್ಯಾಂಕ್ ಅಥಾರಿಟಿ ಎಂದಿದ್ದರೆ ಕೆಲಸ ಸುಲಭ. 2008ರಲ್ಲಿ ಹುಟ್ಟಿದ ಈ ಸಾರ್ವಜನಿಕ ಸಂಸ್ಥೆಯ ಹೆಸರಿನಲ್ಲಿ ಊರಿನ ಖಾಲಿ ಆಸ್ತಿಗಳ ದೊಡ್ಡ ಪಾಲು ಇದೆ. ನಗರಸಭೆಯ ಹೆಸರಿದ್ದರೆ ಯೋಜನಾ ಇಲಾಖೆಯನ್ನು ಕೇಳಬೇಕು. ವೇಯ್ನ್ ಕೌಂಟಿ (ನಗರಸಭೆಗಿಂತ ಮೇಲಿನ ಸ್ಥಳೀಯ ಆಡಳಿತ) ಖಜಾಂಚಿಯ ಹೆಸರಿದ್ದರೆ ಆ ಜಾಗ ತೆರಿಗೆ ಬಾಕಿಯಲ್ಲಿ ಜಪ್ತಿಯಾಗಿದೆ, ಹರಾಜಿನವರೆಗೆ ಕಾಯಬೇಕಾಗಬಹುದು. ಖಾಸಗಿಯವರದಾದರೆ ತೆರಿಗೆ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಜೊತೆಗೆ ಬಾಕಿ ಎಷ್ಟಿದೆ ಎಂದು ಕೌಂಟಿಯ ಪುಟದಲ್ಲಿ ನೋಡಿ. 1999ರ ಮಿಶಿಗನ್ ಕಾನೂನಿನ ಪ್ರಕಾರ ತೆರಿಗೆ ಕಟ್ಟದ ಆಸ್ತಿ ಮೂರನೆಯ ವರ್ಷದ ಹೊತ್ತಿಗೆ ಕೈತಪ್ಪುತ್ತದೆ. ಬಾಕಿ ಎರಡು ವರ್ಷದ್ದಾಗಿದ್ದರೆ ಮಾಲೀಕರು ಚೌಕಾಸಿಗೆ ಬೇಗ ಒಪ್ಪುತ್ತಾರೆ.

ನೂರು ಡಾಲರಿನ ಸೈಟು

ಲ್ಯಾಂಡ್ ಬ್ಯಾಂಕಿನ ಸೈಡ್ ಲಾಟ್ ಯೋಜನೆ 2014ರಿಂದ ನಡೆಯುತ್ತಿದೆ. ಬೆಲೆ 100 ಡಾಲರ್, ಮೇಲೆ ನೋಂದಣಿಯ ಸಣ್ಣ ಖರ್ಚು. ಮಗ್ಗುಲಿನ ಮನೆ ನಿಮ್ಮ ಹೆಸರಿನಲ್ಲಿರಬೇಕು, ಆಸ್ತಿ ತೆರಿಗೆ ಬಾಕಿ ಇರಬಾರದು, ಕಸ ಅಥವಾ ಹುಲ್ಲಿನ ದಂಡದ ಚೀಟಿಗಳು ತೀರಿರಬೇಕು. ಬಾಡಿಗೆದಾರರಿಗೆ ಇಲ್ಲ. ಹೊರವಲಯದ ಟ್ರಾಯ್, ನೋವೈ, ಕ್ಯಾಂಟನ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಬಾಡಿಗೆಗೆ ಬಿಡಲೆಂದು ಡೆಟ್ರಾಯ್ಟ್‌ನಲ್ಲಿ ಮನೆ ಕೊಂಡಿದ್ದರೆ, ಅದರ ಪಕ್ಕದ ಸೈಟು ಈ ದಾರಿಯಲ್ಲಿ ಸಿಗುತ್ತದೆಯೇ ಎಂದು ಲ್ಯಾಂಡ್ ಬ್ಯಾಂಕನ್ನು ಮೊದಲೇ ವಿಚಾರಿಸಿ. ಮನೆಗೆ ತಾಗದೆ 500 ಅಡಿಯೊಳಗೆ ಇರುವ ಸೈಟುಗಳನ್ನು ನೆರೆಹೊರೆಯ ಮನೆಯೊಡೆಯರಿಗೆ 250 ಡಾಲರಿಗೆ ಕೊಡುವ ಇನ್ನೊಂದು ಯೋಜನೆಯೂ ಇದೆ.

ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ಗೊಂದಲದಿಂದ. ಮನೆ ತಾತನ ಹೆಸರಿನಲ್ಲೇ ಇದೆ, ಮೊಮ್ಮಗಳು ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾಳೆ, ತೆರಿಗೆಯನ್ನೂ ಅವಳೇ ಕಟ್ಟುತ್ತಾಳೆ, ಆದರೂ ದಾಖಲೆಯ ಪ್ರಕಾರ ಅವಳು ಮಾಲಕಿಯಲ್ಲ. ನಮ್ಮೂರಲ್ಲಿ ಪೌತಿ ಖಾತೆ ಮಾಡಿಸದೆ ಬಿಟ್ಟ ಹಾಗೆಯೇ ಇದು. ಮೊದಲು ಮನೆಯ ಪತ್ರ ಸರಿಮಾಡಿಸಿಕೊಳ್ಳಬೇಕು. ಸೈಟು ಇಬ್ಬರ ಮನೆಗೂ ತಾಗಿದ್ದರೆ ಅರ್ಜಿಗೆ ಮುಂಚೆ ಆಚೆಮನೆಯವರೊಡನೆ ಮಾತಾಡಿ. 100 ಡಾಲರಿನ ಜಾಗಕ್ಕೆ ಹುಟ್ಟಿದ ಜಗಳ ಬೇಲಿಗಿಂತ ಎತ್ತರ ಬೆಳೆಯುತ್ತದೆ.

ಕೈಗೆ ಸಿಗುವುದು ಕ್ವಿಟ್‌ಕ್ಲೇಮ್ ಡೀಡ್. ಈ ಆಸ್ತಿಯಲ್ಲಿ ನಮಗೆ ಏನು ಹಕ್ಕಿತ್ತೋ ಅದು ಇನ್ನು ನಿಮ್ಮದು ಎಂದಷ್ಟೇ ಅದರ ಅರ್ಥ, ಬೇರೆ ಯಾರ ಹಕ್ಕೂ ಇಲ್ಲ ಎಂಬ ಭರವಸೆ ಅದರಲ್ಲಿಲ್ಲ. ತೋಟಕ್ಕೆ ಇಷ್ಟು ಸಾಕು. ಮುಂದೆ ಅಲ್ಲಿ ಮನೆ ಕಟ್ಟಿ ಸಾಲ ಎತ್ತುವ ಯೋಚನೆ ಇದ್ದರೆ ಮಾತ್ರ ನ್ಯಾಯಾಲಯದಿಂದ ಹಕ್ಕು ಸ್ಪಷ್ಟಪಡಿಸಿಕೊಳ್ಳಬೇಕಾಗಬಹುದು.

ಪತ್ರ ವೇಯ್ನ್ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಯಲ್ಲಿ ದಾಖಲಾಗಿದೆಯೇ ಎಂದು ನೀವೇ ನೋಡಿ. ಆಸ್ತಿ ವರ್ಗಾವಣೆಯಾದ ದಿನದಿಂದ 45 ದಿನದೊಳಗೆ ನಗರಸಭೆಯ ಅಸೆಸರ್‌ಗೆ (ತೆರಿಗೆಗಾಗಿ ಆಸ್ತಿಯ ಬೆಲೆ ಕಟ್ಟುವ ಅಧಿಕಾರಿಗೆ) ಆಸ್ತಿ ವರ್ಗಾವಣೆಯ ಪ್ರಮಾಣಪತ್ರ, ಅಂದರೆ ಎಲ್-4260 ನಮೂನೆ, ಕೊಡಬೇಕು. ತಡವಾದರೆ ದಿನಕ್ಕೆ 5 ಡಾಲರಿನಂತೆ 200ರವರೆಗೆ ದಂಡ. ಸೈಟಿನ ಬೆಲೆಗಿಂತ ದಂಡವೇ ದುಬಾರಿ! ಅದರ ಜೊತೆಗೇ 2368 ನಮೂನೆಯನ್ನೂ ತುಂಬಿಕೊಡಿ. ವಾಸದ ಮನೆಗೆ ತಾಗಿದ ಖಾಲಿ ಜಾಗಕ್ಕೂ ಮಿಶಿಗನ್‌ನಲ್ಲಿ ವಾಸದ ಮನೆಯ ತೆರಿಗೆ ರಿಯಾಯಿತಿ ಸಿಗುತ್ತದೆ, ಶಾಲಾ ತೆರಿಗೆಯಲ್ಲಿ 18 ಮಿಲ್‌ವರೆಗೆ ಉಳಿತಾಯ (ಒಂದು ಮಿಲ್ ಎಂದರೆ ತೆರಿಗೆ ಲೆಕ್ಕದ ಬೆಲೆಯ ಪ್ರತಿ ಸಾವಿರ ಡಾಲರಿಗೆ ಒಂದು ಡಾಲರ್). ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಕೊಂಡ ದಿನದಿಂದ ಅಲ್ಲಿನ ಹುಲ್ಲು, ಪಾದಚಾರಿ ದಾರಿಯ ಮೇಲಿನ ಹಿಮ, ರಾತ್ರಿ ಯಾರೋ ಸುರಿದು ಹೋದ ಟೈರುಗಳು, ಎಲ್ಲ ನಿಮ್ಮವೇ. ಸುರಿದದ್ದನ್ನು ಮೊದಲು ಫೋಟೋ ತೆಗೆದು ಇಂಪ್ರೂವ್ ಡೆಟ್ರಾಯ್ಟ್ ಆ್ಯಪಿನಲ್ಲಿ ದೂರು ದಾಖಲಿಸಿ, ಆಮೇಲೆ ಮುಟ್ಟಿ. ದೂರಿನ ಸಂಖ್ಯೆ ಇಲ್ಲದೆ ದಂಡದ ವಿಚಾರಣೆಗೆ ಹೋದರೆ ಹೇಳುವುದಕ್ಕೆ ಏನೂ ಇರುವುದಿಲ್ಲ.

ಮಣ್ಣಿನ ಕೆಳಗೆ ಮನೆ ಇದೆ

ಡೆಟ್ರಾಯ್ಟ್‌ನ ಹಳೆಯ ಸೈಟು ಸುಮಾರು 30 ಅಡಿ ಅಗಲ, 100 ಅಡಿಗೆ ಮಿಕ್ಕಿ ಉದ್ದ. ಅದರ ನಡುವೆ ಒಂದು ಮನೆಯಿತ್ತು, ಮನೆಯಡಿ ನೆಲಮಾಳಿಗೆಯಿತ್ತು. ಕೆಡವಿದ ಮೇಲೆ ಆ ಗುಂಡಿಗೆ ಏನು ತುಂಬಿದರು ಎಂಬುದರ ಮೇಲೆ ತೋಟದ ಹಣೆಬರಹ ನಿಂತಿದೆ. ಎಷ್ಟೋ ಕಡೆ ಇಟ್ಟಿಗೆ, ಕಾಂಕ್ರೀಟು, ಪೈಪಿನ ತುಂಡುಗಳೇ ಒಳಗಿವೆ. ಕೆಡವಿದ ದಿನ ಮತ್ತು ಗುತ್ತಿಗೆದಾರರ ಹೆಸರು ನಗರಸಭೆಯ ಮುಕ್ತ ದತ್ತಾಂಶ ಪುಟದಲ್ಲಿ ಸಿಗಬಹುದು. ಅಲ್ಲಿಲ್ಲದಿದ್ದರೆ ಮಿಶಿಗನ್‌ನ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿ ಹಾಕಿ. ಐದು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು, ಅವರು ಇನ್ನೂ ಹತ್ತು ಕೆಲಸದ ದಿನ ಕೇಳಬಹುದು.

ಅಗೆಯುವ ಮುಂಚೆ 811ಕ್ಕೆ ಕರೆ ಮಾಡಿ. ಮಿಶಿಗನ್‌ನಲ್ಲಿ ಮೂರು ಕೆಲಸದ ದಿನ ಮೊದಲೇ ಹೇಳಬೇಕು. ಗ್ಯಾಸು, ವಿದ್ಯುತ್ ಕೊಳವೆಗಳು ಎಲ್ಲಿವೆ ಎಂದು ಬಣ್ಣದಲ್ಲಿ ಗುರುತು ಹಾಕಿಹೋಗುತ್ತಾರೆ, ಇದಕ್ಕೆ ಕಾಸಿಲ್ಲ. ಆಮೇಲೆ ಒಂದು ಕಬ್ಬಿಣದ ಸಲಾಕೆ ಹಿಡಿದು ಮೂರು ಮೂರು ಅಡಿಗೆ ಚುಚ್ಚುತ್ತಾ ಹೋಗಿ. ಮುಂದಿನ ಹುಲ್ಲಿನ ಜಾಗದಲ್ಲಿ ಸಲಾಕೆ ಒಂದಡಿ ಸಲೀಸಾಗಿ ಇಳಿಯುತ್ತದೆ. ಮನೆ ಇದ್ದ ಕಡೆ ಮೂರ್ನಾಲ್ಕು ಅಂಗುಲಕ್ಕೆ ಠಣ್ ಎನ್ನುತ್ತದೆ. ಆ ಸದ್ದಿನ ಗಡಿಯನ್ನು ಕಾಗದದ ಮೇಲೆ ಗುರುತಿಸಿಕೊಂಡರೆ ಹಳೆಯ ಮನೆಯ ನಕ್ಷೆಯೇ ಮೂಡುತ್ತದೆ. ಹಣ್ಣಿನ ಗಿಡಗಳನ್ನು ಆ ಗಡಿಯ ಹೊರಗೆ ನೆಡಿ. ಒಳಗೆ ನೆಟ್ಟರೆ ಎರಡು ಬೇಸಿಗೆ ಚೆನ್ನಾಗಿದ್ದು ಮೂರನೆಯದಕ್ಕೆ ಒಣಗುತ್ತವೆ, ಬೇರು ಇಳಿಯಲು ಜಾಗವಿಲ್ಲ.

ಸೀಸ ಇನ್ನೊಂದು ಸಂಗತಿ. 1978ಕ್ಕೆ ಮುಂಚಿನ ಮನೆಗಳ ಬಣ್ಣದಲ್ಲಿ ಸೀಸವಿತ್ತು, ಅದು ಉದುರಿ ಗೋಡೆಯ ಸುತ್ತಲಿನ ಮಣ್ಣಿಗೆ ಸೇರಿದೆ. ಹತ್ತು ಹದಿನೈದು ಕಡೆಯಿಂದ ಮೇಲಿನ ಆರು ಅಂಗುಲ ಮಣ್ಣು ತೆಗೆದು ಬಕೆಟ್ಟಿನಲ್ಲಿ ಬೆರೆಸಿ, ಎರಡು ಲೋಟದಷ್ಟನ್ನು ಪರೀಕ್ಷೆಗೆ ಕಳಿಸಿ. ಮನೆ ಇದ್ದ ಜಾಗದ್ದು ಬೇರೆ ಚೀಲ, ಮುಂದಿನ ಅಂಗಳದ್ದು ಬೇರೆ. ಸಾಮಾನ್ಯ ಗೊಬ್ಬರದ ಪರೀಕ್ಷೆಯಲ್ಲಿ ಸೀಸ ನೋಡುವುದಿಲ್ಲ, ಅದನ್ನು ಬಾಯಿಬಿಟ್ಟು ಕೇಳಬೇಕು. ಡೆಟ್ರಾಯ್ಟ್ ನಿವಾಸಿಗಳಿಗೆ ಕೀಪ್ ಗ್ರೋಯಿಂಗ್ ಡೆಟ್ರಾಯ್ಟ್ ಸಂಸ್ಥೆಯ ಗಾರ್ಡನ್ ರಿಸೋರ್ಸ್ ಪ್ರೋಗ್ರಾಮ್ ಬೀಜ, ಸಸಿಗಳನ್ನು ಕೊಡುತ್ತದೆ, ಮಣ್ಣಿನ ವಿಷಯವನ್ನೂ ಅವರನ್ನೇ ಕೇಳಬಹುದು.

ಅನುಮಾನವಿದ್ದ ಕಡೆ ನೆಲದ ಮೇಲೆ ಮಡಿ ಕಟ್ಟಿ. ನಾಲ್ಕಡಿ ಅಗಲ, ಎಂಟಡಿ ಉದ್ದ, ಒಂದಡಿ ಎತ್ತರದ ಮಡಿಗೆ 32 ಘನ ಅಡಿ, ಅಂದರೆ ಸುಮಾರು 1.2 ಘನ ಗಜ ಮಣ್ಣು ಬೇಕು. ಐದು ಮಡಿಗೆ ಲೆಕ್ಕದಲ್ಲಿ ಆರು ಗಜ, ತರಿಸುವುದು ಏಳು ಗಜ, ಯಾಕೆಂದರೆ ಮೊದಲ ಮಳೆಗೇ ಮಣ್ಣು ಕೂರುತ್ತದೆ. ಬರೀ ಕಾಂಪೋಸ್ಟ್ ತುಂಬಿದರೆ ವರ್ಷದಲ್ಲಿ ಮಡಿ ಅರ್ಧಕ್ಕೆ ಇಳಿದೀತು, ಅದಕ್ಕೆ ಮೇಲ್ಮಣ್ಣು ಬೆರೆಸಿ. ಒಂದು ಗಜ ಮಣ್ಣಿನ ತೂಕ ಟನ್ನಿನ ಹತ್ತಿರ. ಗೆಳೆಯರ ಸಣ್ಣ ಪಿಕಪ್‌ನಲ್ಲಿ ಪೂರ್ತಿ ಗಜ ಹೇರಿದರೆ ಸ್ಪ್ರಿಂಗು ಮುರಿಯುತ್ತದೆ, ಅರ್ಧರ್ಧ ಗಜ ತನ್ನಿ. ಹಳೆಯ ರೈಲ್ವೆ ಸ್ಲೀಪರ್‌ಗಳನ್ನು ಮಡಿಗೆ ಬಳಸಬೇಡಿ, ಅವುಗಳಲ್ಲಿ ಕ್ರಿಯೋಸೋಟ್ ಎಂಬ ವಿಷದ ಎಣ್ಣೆ ಇದೆ.

ಬೇರು ಮತ್ತು ಸೊಪ್ಪಿನ ತರಕಾರಿಗೆ ಸೀಸದ ಮಣ್ಣು ಹೆಚ್ಚು ಅಂಟುತ್ತದೆ, ಕಾಯಿಗೆ ಕಡಿಮೆ. ಹ್ಯಾಮ್‌ಟ್ರಾಮಿಕ್ ಗಡಿಯ ಬಾಂಗ್ಲಾಟೌನ್‌ನಲ್ಲಿ ಜುಲೈ ಬಂತೆಂದರೆ ಹಿತ್ತಿಲ ತುಂಬ ಸೋರೆಕಾಯಿಯ ಚಪ್ಪರ. ಬಾಂಗ್ಲಾದೇಶದಿಂದ ಬಂದವರು ತಮ್ಮ ರೂಢಿಯಂತೆ ಹಾಕಿದ್ದು, ಈ ನೆಲಕ್ಕೂ ಅದು ಸರಿಯಾಗಿಯೇ ಒಪ್ಪಿದೆ. ಸೋರೆ, ಹೀರೆ ಬೀಜವನ್ನು ಏಪ್ರಿಲ್ ಮಧ್ಯದಲ್ಲಿ ಮನೆಯೊಳಗೆ ಹಾಕಿ ಮೇ ಕೊನೆಗೆ ಹೊರಗೆ ನೆಡಿ. ಮೇ ಮೊದಲ ವಾರದ ಬಿಸಿಲು ಕಂಡು ನೆಟ್ಟರೆ ಒಂದೇ ರಾತ್ರಿ ಹೆಪ್ಪುಗಟ್ಟುವ ಇಬ್ಬನಿಗೆ ಸಸಿ ಕರಟುತ್ತದೆ. ಚಪ್ಪರದ ಕಂಬ, ಬೇಲಿಯ ಕಂಬ ಶಾಶ್ವತವಾಗಿ ನಿಲ್ಲಬೇಕಾದರೆ 42 ಅಂಗುಲ ಆಳ ಬೇಕು. ಇಲ್ಲದಿದ್ದರೆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೆಲ ಅದನ್ನು ಮೇಲಕ್ಕೆ ದೂಡುತ್ತದೆ.

ನೀರಿಗೆ ಖಾಲಿ ಸೈಟಿನಲ್ಲಿ ನಲ್ಲಿ ಇರುವುದಿಲ್ಲ, ಮನೆ ಕೆಡವುವಾಗ ಮುಚ್ಚಿಬಿಟ್ಟಿರುತ್ತಾರೆ. ಮನೆಯ ನಲ್ಲಿಯಿಂದ ಪೈಪು ಎಳೆಯಿರಿ, ಇಲ್ಲವೇ ಮಳೆನೀರು ಹಿಡಿಯಿರಿ. 1,000 ಚದರ ಅಡಿ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 600 ಗ್ಯಾಲನ್ನಿಗೂ ಮೀರಿ ನೀರು, 55 ಗ್ಯಾಲನ್ನಿನ ಪೀಪಾಯಿ ಕೆಲವೇ ನಿಮಿಷದಲ್ಲಿ ತುಂಬಿ ಹರಿಯುತ್ತದೆ. ತುಂಬಿದ ನೀರು ಹೊರಗೆ ಹೋಗುವ ದಾರಿಯನ್ನು ಮನೆಯ ಪಾಯದಿಂದ ದೂರ ಇಡಿ. ಸೈಟಿಗೆ ಕಾಂಕ್ರೀಟು ಹಾಸಬೇಡಿ. ನೀರು ಇಂಗದ ನೆಲಕ್ಕೆ ಡೆಟ್ರಾಯ್ಟ್‌ನಲ್ಲಿ ಚರಂಡಿ ಶುಲ್ಕ ಇದೆ.

ಟೊಲೀಡೊದಲ್ಲಿ

ಇಲ್ಲಿ ಕೆಲಸ ನಗರದ್ದಲ್ಲ, ಕೌಂಟಿಯದು. ಲೂಕಸ್ ಕೌಂಟಿ ಲ್ಯಾಂಡ್ ಬ್ಯಾಂಕ್ 2010ರಲ್ಲಿ ಶುರುವಾಯಿತು. ಮಾಲೀಕರ ಹೆಸರನ್ನು ಕೌಂಟಿ ಆಡಿಟರ್‌ನ ಎರೀಸ್ ಎಂಬ ಪುಟದಲ್ಲಿ ನೋಡಬೇಕು. ಪತ್ರ ಮೊದಲು ಆಡಿಟರ್ ಕಚೇರಿಗೆ ಹೋಗಿ ವರ್ಗಾವಣೆಯ ಮುದ್ರೆ ಹಾಕಿಸಿಕೊಂಡು ಆಮೇಲೆ ಪತ್ರ ದಾಖಲಿಸುವ ರೆಕಾರ್ಡರ್ ಕಚೇರಿಗೆ ಬರುತ್ತದೆ. ಮುದ್ರೆಯಿಲ್ಲದೆ ನೇರ ಹೋದರೆ ವಾಪಸ್ ಕಳಿಸುತ್ತಾರೆ. ತೆರಿಗೆಯ ವಿಷಯದಲ್ಲೂ ಎಚ್ಚರ: ಓಹಾಯೊದಲ್ಲಿ ಆಸ್ತಿ ತೆರಿಗೆ ಒಂದು ವರ್ಷ ಹಿಂದಿನದು. ಈ ಜನವರಿಯ ಚೀಟಿ ಕಳೆದ ವರ್ಷದ್ದು. ಖಾಸಗಿಯವರಿಂದ ಕೊಳ್ಳುವಾಗ ಮಾರುವವರ ಪಾಲನ್ನು ಅಲ್ಲೇ ಕಳೆದುಕೊಳ್ಳದಿದ್ದರೆ ಅವರ ವರ್ಷದ ತೆರಿಗೆಯನ್ನೂ ನೀವೇ ಕಟ್ಟುತ್ತೀರಿ.

ಸಭೆಯಲ್ಲಿ ಮಾತಾಡುವುದು

ಸೈಟು ಮಾರಾಟಕ್ಕಿಲ್ಲ ಎಂದು ಲ್ಯಾಂಡ್ ಬ್ಯಾಂಕ್ ಹೇಳಿದರೆ ಅದನ್ನು ಯಾವುದೋ ಯೋಜನೆಗೆ ಹಿಡಿದಿಟ್ಟಿರಬಹುದು. ಕೇಳಬೇಕಾದವರು ನಿಮ್ಮ ಜಿಲ್ಲೆಯ ಡಿಸ್ಟ್ರಿಕ್ಟ್ ಮ್ಯಾನೇಜರ್. ಡೆಟ್ರಾಯ್ಟ್‌ನಲ್ಲಿ ಏಳು ಜಿಲ್ಲೆಗಳಿವೆ, ಪ್ರತಿಯೊಂದಕ್ಕೂ ಒಬ್ಬರು ಇರುತ್ತಾರೆ. ಪಕ್ಕದಲ್ಲಿ 7.5 ಕೋಟಿ ಡಾಲರಿಗೂ ದೊಡ್ಡ ಕಟ್ಟಡ ಬರುತ್ತಿದ್ದು, ಅದಕ್ಕೆ ಸಾರ್ವಜನಿಕ ಜಮೀನು ಅಥವಾ ತೆರಿಗೆ ವಿನಾಯಿತಿಯ ನೆರವು ಇದ್ದರೆ 2016ರಲ್ಲಿ ಮತದಾರರು ಒಪ್ಪಿದ ಕಾನೂನಿನಂತೆ ಒಂಬತ್ತು ಜನರ ನೆರೆಹೊರೆ ಸಲಹಾ ಮಂಡಳಿ ಕೂರಬೇಕು. ಅದರಲ್ಲಿ ನಿವಾಸಿಗಳು ಚುನಾಯಿಸುವುದು ಇಬ್ಬರನ್ನು ಮಾತ್ರ. ಮಿಕ್ಕವರನ್ನು ಯೋಜನಾ ಇಲಾಖೆಯೂ ಕೌನ್ಸಿಲ್ ಸದಸ್ಯರೂ ಆರಿಸುತ್ತಾರೆ. ಹಾಗಾಗಿ ಆ ಚುನಾವಣೆಯ ಸಭೆಗೆ ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿ, ಆಮೇಲಿನ ಸಭೆಗಳಿಗೆ ಹೋಗಿ ಗೊಣಗಿದರೆ ಉಪಯೋಗ ಕಡಿಮೆ.

ಮಿಶಿಗನ್‌ನ 1976ರ ಮುಕ್ತ ಸಭಾ ಕಾನೂನು ಸಾರ್ವಜನಿಕ ಸಭೆಯಲ್ಲಿ ಯಾರಿಗಾದರೂ ಮಾತಾಡುವ ಹಕ್ಕು ಕೊಡುತ್ತದೆ. ಓಹಾಯೊ ಕಾನೂನಿನಲ್ಲಿ ಕೂತು ಕೇಳುವ ಹಕ್ಕಿದೆ, ಮಾತಾಡುವ ಹಕ್ಕಿಲ್ಲ. ಅಲ್ಲಿ ಆಯಾ ಕೌನ್ಸಿಲ್ಲಿನ ನಿಯಮ ಏನು ಹೇಳುತ್ತದೆಂದು ಮೊದಲೇ ಗುಮಾಸ್ತರನ್ನು ವಿಚಾರಿಸಬೇಕು. ಡೆಟ್ರಾಯ್ಟ್ ಕೌನ್ಸಿಲ್ ಮಂಗಳವಾರ ಬೆಳಗ್ಗೆ ಸೇರುತ್ತದೆ, ಕೆಲಸಕ್ಕೆ ಹೋಗುವವರು ಆನ್‌ಲೈನಿನಲ್ಲೂ ಮಾತಾಡಬಹುದು. ಸಿಗುವುದು ಒಂದೆರಡು ನಿಮಿಷ. ಬೀದಿಯ ಚರಿತ್ರೆ ಹೇಳಲು ಹೊರಟರೆ ಬೇಡಿಕೆ ಬರುವ ಹೊತ್ತಿಗೆ ಮೈಕು ಆಫ್. ಮೊದಲ ವಾಕ್ಯದಲ್ಲೇ ಬೇಡಿಕೆ, ಎರಡನೆಯದರಲ್ಲಿ ಎಷ್ಟು ದಿನದಿಂದ ಯಾವ ಕಚೇರಿಗೆ ಬರೆದಿದ್ದೀರಿ ಎಂಬುದು, ಮೂರನೆಯದರಲ್ಲಿ ಪಾರ್ಸೆಲ್ ಸಂಖ್ಯೆ. ಅಲ್ಲಿ ಮಾತ್ರ ಕೊನೆಯ ಚುಕ್ಕೆ ಹೇಳದಿದ್ದರೂ ನಡೆಯುತ್ತದೆ.