ವ್ಯಾನ್ ಗೋ ಎತ್ತಿಟ್ಟೆ, ಕತ್ತರಿ ಕೊಟ್ಟೆ

ಶುರುವಿನಲ್ಲೇ ಎಡವಿದೆ. ಚಿಕ್ಕಮಗಳೂರಿನ ನಮ್ಮ ಮನೆ ಜಗಲಿಗೆ ಪ್ರತಿ ಭಾನುವಾರ ಚಿತ್ರ ಕಲಿಯೋಕೆ ಹನ್ನೊಂದು ಮಕ್ಕಳು ಬರುತ್ತಾರೆ, ಐದರಿಂದ ಎಂಟು ವರ್ಷದವರು. ವ್ಯಾನ್ ಗೋ 1889ರಲ್ಲಿ ಬರೆದ ನಕ್ಷತ್ರಗಳ ರಾತ್ರಿಯ ಪ್ರಿಂಟ್ ಎದುರಿಗಿಟ್ಟು ‘ಹೀಗೇ ಬರೀರಿ’ ಅಂದುಬಿಟ್ಟೆ. ಅರ್ಧ ಗಂಟೆಗೆ ಮೂರು ಹಾಳೆ ಮುದ್ದೆಯಾಗಿ ಮೂಲೆ ಸೇರಿದ್ದವು. ಒಬ್ಬಳು ಅಳುತ್ತಾ ‘ಮಿಸ್, ನಂಗೆ ಅವ್ರ ಥರ ಬರಲ್ಲ’ ಅಂದಳು. ನನಗಾದರೂ ಎಲ್ಲಿ ಬರುತ್ತೆ!

ಅಲ್ಲಿಗೆ ನಕಲು ಮಾಡಿಸುವುದು ನಿಂತಿತು. ಈಗ ಒಬ್ಬೊಬ್ಬ ಕಲಾವಿದರಿಂದ ಕೈಚಳಕ ಒಂದನ್ನಷ್ಟೇ ಎರವಲು ತರುತ್ತೇನೆ. ಏನು ಬರೆಯಬೇಕು ಅನ್ನೋದು ಮಕ್ಕಳಿಗೆ ಬಿಟ್ಟಿದ್ದು.

ಚುಕ್ಕೆ ಇಟ್ಟೇ ಚಿತ್ರ ಬರೆದ ಫ್ರೆಂಚ್ ಕಲಾವಿದ ಸೆರಾನಿಂದ ಚುಕ್ಕೆ. ಹತ್ತಿಕಡ್ಡಿ ಅದ್ದಿ ಕೆಂಪು, ಹಳದಿ ಚುಕ್ಕೆ ಒತ್ತೊತ್ತಾಗಿ ಇಟ್ಟರೆ, ಜಗಲಿಯ ಆ ತುದಿಯಿಂದ ಕಾಫಿ ಹಣ್ಣು ಕಿತ್ತಳೆ ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತೆ. ಆತ ಗ್ರಾಂದ್ ಜಾತ್ ಚಿತ್ರಕ್ಕೆ 1884ರಿಂದ 86ರವರೆಗೆ ಕೂತ. ನಮ್ಮವಕ್ಕೆ ಇಪ್ಪತ್ತೇ ನಿಮಿಷಕ್ಕೆ ಬೇಜಾರು. ಪೋಸ್ಟ್‌ಕಾರ್ಡಿಗಿಂತ ದೊಡ್ಡ ಹಾಳೆ ಕೊಡಲೇಬೇಡಿ.

ನಿಜವಾಗಿ ಕೈಹಿಡಿದವನು ಇನ್ನೊಬ್ಬ ಫ್ರೆಂಚ್ ಕಲಾವಿದ ಮತೀಸ್. 1941ರ ಆಪರೇಷನ್ ಆದಮೇಲೆ ನಿಂತು ಬರೆಯುವುದು ಕಷ್ಟವಾಗಿ, ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಯಲ್ಲೇ ಕತ್ತರಿಸಿ ಚಿತ್ರ ಮಾಡತೊಡಗಿದ. ನಾನೂ ಪೆನ್ಸಿಲ್ ಎತ್ತಿಟ್ಟೆ. ಒಂದು ವಾರ ಬರೀ ಬಣ್ಣ ಬಳಿಯುವುದು, ಮುಂದಿನ ವಾರ ಕತ್ತರಿಸುವುದು. ಜುಲೈ ಮಳೆಗೆ ಹಾಳೆ ಒಣಗಲಿಲ್ಲ, ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆ. ಎರಡು ಸೀದವು, ಉಳಿದವಕ್ಕೆ ಹೊಗೆ ವಾಸನೆ.

ಕತ್ತರಿಯ ಗುಟ್ಟು ಇಷ್ಟೇ: ಕತ್ತರಿ ನೆಟ್ಟಗಿರಲಿ, ತಿರುಗಬೇಕಾದ್ದು ಇನ್ನೊಂದು ಕೈಯ ಕಾಗದ. ಒಬ್ಬ ಎಡಚ ಹುಡುಗನ ಹಾಳೆ ಮಾತ್ರ ಯಾವಾಗಲೂ ಹರಿಯುತ್ತಿತ್ತು. ಗಮನವಿಲ್ಲ ಅಂತ ಎರಡು ಸಲ ಗದರಿದ್ದೆ. ತಪ್ಪು ಕತ್ತರಿಯದ್ದು, ಎಡಗೈಯವರ ಕತ್ತರಿ ತರಿಸಿದ ದಿನವೇ ಎಲೆ, ಮೀನು ಎಲ್ಲ ಬಂತು. ‘ಫೀಸು ಕೊಟ್ಟು ಕಾಗದ ಕತ್ತರ್ಸೋಕೆ ಕಳಿಸ್ಬೇಕೇನ್ರೀ?’ ಅಂತ ಒಬ್ಬರು ಕೇಳಿದ್ದೂ ಉಂಟು.

ಮೂಲ ಚಿತ್ರ ತೋರಿಸುವುದು ಎಲ್ಲ ಕತ್ತರಿಸಿ ಮುಗಿದ ಮೇಲೆ. ಮತೀಸನ 1953ರ ‘ಬಸವನಹುಳು’ ಚಿತ್ರ ನೋಡಿ ಮಕ್ಕಳು ‘ಹುಳ ಎಲ್ಲಿದೆ?’ ಅಂದರು. ತುಂಡುಗಳ ಮೇಲೆ ಬೆರಳಾಡಿಸಿದಾಗ ಸುರುಳಿ ಸಿಕ್ಕಿತು. ತೋಟದ ಮನೆಯ ಹುಡುಗ ‘ನಮ್ಮಪ್ಪ ಇದಕ್ಕೆ ಉಪ್ಪು ಹಾಕ್ತಾರೆ’ ಅಂದವನೇ ತನ್ನ ಸುರುಳಿಯ ಸುತ್ತ ಬಿಳಿ ಕಾಗದದ ಚೂರು ಅಂಟಿಸುತ್ತ ಕೂತ.